ಥೈಮ್ ಡಬ್ಬಕ್ಕೆ ನೀರು ಹಾಕುವವರು

ಚುಂಚನಕಟ್ಟೆ
೮ ಫೆಬ್ರವರಿ ೧೯೩೮, ಮಧ್ಯಾಹ್ನ

ಮರಿ ಮಲಗಿದ. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದೆ. ಸರಿಯಾಗಿದೆ. ಕೈ ತೆಗೆದೆ. ಮತ್ತೆ ಇಟ್ಟೆ.

ಡಬ್ಬದಲ್ಲಿ ಇವತ್ತೂ ಏನೂ ಇಲ್ಲ. ಬರೀ ಮರಳು. ಥೈಮ್ ಅನ್ನುವ ಆ ಸೀಮೆ ಸೊಪ್ಪಿನ ಬೀಜವೇ ಸತ್ತಿದೆಯೋ ಏನೋ. ರಾಗಿಗಿಂತ ಸಣ್ಣ ಬೀಜ, ಸೀನಿದರೆ ಹಾರಿಹೋಗುವಂಥದು. ನರ್ಸ್ ಗ್ರೇಸಮ್ಮ ಹೇಳಿಕೊಟ್ಟ ಹಾಗೇ ಮಾಡಿದ್ದೇನೆ. ಸೀಮೆಎಣ್ಣೆ ಡಬ್ಬವನ್ನು ಅಡ್ಡಕ್ಕೆ ಕತ್ತರಿಸಿ, ಆಳು ಚಾಮಯ್ಯನ ಕೈಲಿ ತಳಕ್ಕೆ ಮೊಳೆಯಿಂದ ತೂತು ಹೊಡೆಸಿ, ಅರ್ಧ ಹೊಳೆ ಮರಳು, ಅರ್ಧ ಕೆಮ್ಮಣ್ಣು, ಹಿತ್ತಿಲಲ್ಲಿ ಬಿದ್ದ ಗೋಡೆಯ ಗಾರೆ ಪುಡಿ ಒಂದು ಬೊಗಸೆ. ಗೊಬ್ಬರ ಇಲ್ಲ. ಬೀಜ ಹೂಳಬಾರದು, ಉದುರಿಸಿ ಅಂಗೈಯಲ್ಲಿ ಒತ್ತಬೇಕು ಅಷ್ಟೆ. "ಮುದ್ದು ಮಾಡಿದರೆ ಕೆಡುವ ಗಿಡ, ಚೆಲುವಮ್ಮ. ಬಿಸಿಲಿಗೆ ಬಿಡು, ನೀರು ಮರೆತುಬಿಡು" ಅಂದಿದ್ದರು. ಅವರ ಆಸ್ಪತ್ರೆಯ ಕಿಟಕಿಯಲ್ಲಿ ಕುಂಡದ ತುಂಬ ಇತ್ತು. ಮರಿ ಹುಟ್ಟಿದ ವಾರ ನಾನಿದ್ದ ವಾರ್ಡಿನಲ್ಲೇ ಒಂದು ಮಗು ಬೊಗಳಿದ ಹಾಗೆ ಕೆಮ್ಮುತ್ತಿತ್ತು. ಆ ಎಲೆ ಕುದಿಸಿ ಜೇನು ಬೆರೆಸಿ ಹನಿ ಹನಿಯಾಗಿ ಕೊಟ್ಟರು. ಕಣ್ಣಾರೆ ನೋಡಿದೆ. ಆ ಮಗು ಮನೆಗೆ ಹೋಯಿತು.

ನಮ್ಮದು ಉಳಿಯಲಿಲ್ಲ. ಅಂದರೆ - ಮೊದಲನೆಯದು. ಪುಟ್ಟಲಕ್ಷ್ಮಿ. ಹೋದ ವರ್ಷದ ಹಿಂದಿನ ವೈಶಾಖ. ನಾಯಿಕೆಮ್ಮು. ಆರು ತಿಂಗಳು ತುಂಬಿತ್ತು.

ಈ ವೈಶಾಖದೊಳಗೆ ಗಿಡ ಆಗಬೇಕು. ಈ ಸಲ ಬರಿಗೈಯಲ್ಲಿ ಕೂರುವುದಿಲ್ಲ.

ಈ ಊರಿನಲ್ಲಿ ಎಲ್ಲವೂ ಒದ್ದೆ. ಹಿತ್ತಿಲ ಕೊನೆಗೆ ನಾಲೆ, ನಾಲೆಯ ಆಚೆ ಗದ್ದೆ, ಗದ್ದೆಯ ಆಚೆ ಹೊಳೆ. ಒಣಗಿರಬೇಕಾದ ಗಿಡವನ್ನು ತಂದು ಇಲ್ಲಿ ಬೆಳೆಸಲು ಹೊರಟಿದ್ದೇನೆ.


೧೩ ಫೆಬ್ರವರಿ, ಬೆಳಿಗ್ಗೆ

ಬಂದಿವೆ! ಹಸಿರು ಚುಕ್ಕಿಗಳು. ಮೂಗು ಮರಳಿಗೆ ತಾಗುವಷ್ಟು ಬಗ್ಗಿದರೆ ಕಾಣುತ್ತವೆ. ಒಂದೊಂದಕ್ಕೂ ಎರಡೆರಡು ಎಲೆ, ಗುಂಡುಸೂಜಿಯ ತಲೆಯಷ್ಟು.

ಯಾರಿಗೆ ಹೇಳಲಿ? ಇವರು ಕಾಕನಕೋಟೆ ಕಾಡಿನಲ್ಲಿ. ರೇಂಜರಿಗೆ ಹೆಂಡತಿ ಮಗು ಅಂತ ಇದ್ದರೂ ಅಲ್ಲಿಗೆ ಕರೆದುಕೊಂಡು ಹೋಗುವ ಹಾಗಿಲ್ಲ. ಮಲೇರಿಯ. ಅದಕ್ಕೇ ನಾನು ಇಲ್ಲಿ, ಅತ್ತೆಯವರ ಜೊತೆ, ಈ ದೊಡ್ಡ ಮನೆಯಲ್ಲಿ. ಕಾಲೇಜು ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ವರಿದ್ದೆವು. ಪಿಸುಮಾತಿಗೂ ನಗು ಬರುತ್ತಿತ್ತು. ಇಲ್ಲಿ ಒಂದು ವಾಕ್ಯ ಹೇಳಬೇಕಾದರೆ ಮೂರು ಬಾಗಿಲು ದಾಟಿ ಹೋಗಬೇಕು.

ಕೊನೆಗೆ ಅತ್ತೆಯವರನ್ನೇ ಕರೆದೆ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು.

"ಎಲ್ಲವ್ವಾ ಗಿಡ?"

"ಇಲ್ಲಿ ಅತ್ತೆ, ನೋಡಿ."

"ಇದಾ? ನಂಗೆ ಕಣ್ಣು ಮಂಜಾಯ್ತೇನೋ ಅಂದ್ಕಂಡೆ."

ನೀರು ಸೇದಲು ಬರುವ ಕುಳ್ಳಮ್ಮನೂ ಕೊಡ ಇಳಿಸಿ ಬಂದಳು. "ಚಿಕ್ಕವ್ವಾರೇ, ಗದ್ದೇಲಿ ಕಳೆ ಕೀಳೋವಾಗ ಇಂಥದ್ನ ಉಗುರಲ್ಲೂ ಮುಟ್ಟಾಕಿಲ್ಲ ನಾವು, ಕಾಲಲ್ಲೇ ಹೊಸಕ್ಬುಡ್ತೀವಿ" ಅಂದು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಎಷ್ಟು ದಿನವಾಗಿತ್ತು.

ಹೋಗುವಾಗ ಅತ್ತೆ ಮರಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಒಣ್ಗದೆ" ಅಂದರು. "ಒಣಗಿಯೇ ಇರಬೇಕು ಅತ್ತೆ." ಮುಖ ಒಂದು ಥರ ಆಯಿತು.


೨ ಮಾರ್ಚ್

ಅರ್ಧಕ್ಕರ್ಧ ಹೋದವು. ಬುಡದಲ್ಲಿ ಕಪ್ಪಾಗಿ, ಸೊಂಟ ಮುರಿದ ಹಾಗೆ ಮಲಗಿಬಿಟ್ಟಿವೆ. ನೀರು ಹೆಚ್ಚಾದರೆ ಹೀಗೇ ಅಂತ ಗ್ರೇಸಮ್ಮ ಹೇಳಿದ್ದರು. ಆದರೆ ನಾನು ನೀರೇ ಹಾಕಿಲ್ಲವಲ್ಲ! ಶನಿವಾರ ಚಿಮುಕಿಸಿದ್ದು ಅಷ್ಟೆ.

ಮರಳು ಕೆದಕಿದೆ. ಒಳಗೆ ತೇವ. ಮುದ್ದೆ ಕಟ್ಟುವಷ್ಟು ತೇವ.

ಯಾರೋ ಹಾಕುತ್ತಿದ್ದಾರೆ.

ಕುಳ್ಳಮ್ಮನನ್ನು ಕೇಳಿದೆ. "ನಾನ್ಯಾಕಾಕ್ಲಿ? ನಿಮ್ಮ ಹಂಡೆ ತುಂಬ್ಸೋ ಹೊತ್ಗೆ ನಂಗೆ ಸಾಕ್ಸಾಕಾಗದೆ" ಅಂದಳು. ಅವಳು ಕೊಡ ಹೊತ್ತು ಹೋಗುವ ದಾರಿ ಡಬ್ಬದ ಪಕ್ಕದಲ್ಲೇ. ತುಳುಕಿರಬಹುದು. ಡಬ್ಬವನ್ನು ಹಿಂದಿನ ಜಗುಲಿಯ ಮೂಲೆಗೆ ಸರಿಸಿದೆ. ಬಿಸಿಲು ಬೀಳುತ್ತದೆ, ಸೂರು ಮಳೆ ತಡೆಯುತ್ತದೆ.

ಮರಿಗೆ ನೆಗಡಿ. ಕೆಮ್ಮಿಲ್ಲ. ಬರೀ ನೆಗಡಿ. ನೆಗಡಿ ಅಂತ ಎರಡು ಸಲ ಬರೆದೆ.


೨೦ ಮಾರ್ಚ್

ಇವರು ಬಂದಿದ್ದರು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಕೆಟ್ಟು, ಹುಣಸೂರಿನಲ್ಲಿ ಇನ್ನೊಂದು ತಪ್ಪಿ, ಬಂದಾಗ ಮುಖವೆಲ್ಲ ಧೂಳು. ಮಲೇರಿಯಕ್ಕೆ ಅಂತ ಕೊಯಿನೈನು ತಿಂದು ತಿಂದು ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ. ನಾನು ಹೇಳಿದ್ದನ್ನೆಲ್ಲ ಎರಡು ಸಲ ಹೇಳಬೇಕಾಯಿತು.

ಮರಿಯನ್ನು ಎತ್ತಿಕೊಂಡು ಅಂಗಳದ ಉದ್ದಕ್ಕೂ ಓಡಾಡಿದರು. ಡಬ್ಬ ನೋಡಿ, "ಏನೇ ಇದು, ಬಿ.ಎ. ಮಾಡಿದ್ದು ಹಿಸ್ಟರಿ, ಬೆಳೆಸೋದು ಬಾಟನಿಯಾ?" ಅಂದರು. ಒಂದು ಎಲೆ ಉಜ್ಜಿ ಮೂಗಿಗೆ ಹಿಡಿದೆ. "ಅರೆ, ಓಮದ ವಾಸನೆ!" ಅತ್ತೆಯೂ ಮೂಸಿದರು. "ಹೂಂ ಕಣಪ್ಪ, ದೊಡ್ಡಪತ್ರೆ ವಾಸ್ನೆನೂ ಅದೆ. ಬಚ್ಚಲ ಪಕ್ಕ ಪೊದೆಯಾಗಿ ಬೆಳ್ದದೆ ದೊಡ್ಡಪತ್ರೆ. ಇದ್ಯಾಕೋ ನಿನ್ನೆಂಡ್ರಿಗೆ?"

ಯಾಕೆ ಅಂತ ನಾನು ಹೇಳಲಿಲ್ಲ. ದೊಡ್ಡಪತ್ರೆಯನ್ನೇ ಅಲ್ಲವೇ ಅವತ್ತು ಪುಟ್ಟಲಕ್ಷ್ಮಿಗೆ ಹಿಂಡಿ ಹಿಂಡಿ ಕೊಟ್ಟಿದ್ದು. ಈಗ ಬಚ್ಚಲ ಕಡೆ ಹೋದಾಗ ಆ ಪೊದೆಗೆ ಬೆನ್ನು ಹಾಕಿ ನಡೆಯುತ್ತೇನೆ. ಗಿಡದ ತಪ್ಪೇನಿಲ್ಲ. ಗೊತ್ತು. ಆದರೂ.

ಹೊರಡುವ ಮುಂಚೆ ಕೇಳಿದೆ - "ನಿಮಗೆ ನೆನಪಾಗುತ್ತಾ?" "ಏನು?" ಕಿವಿಗೆ ಕೇಳಿಸಲಿಲ್ಲವೋ, ಕೇಳಿಸಿತೋ. ಎರಡನೇ ಸಲ ಕೇಳಲಿಲ್ಲ. ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತುವುದಿಲ್ಲ. ತೊಟ್ಟಿಲು ಮಾತ್ರ ಅದೇ ತೊಟ್ಟಿಲು.


೧೭ ಏಪ್ರಿಲ್

ಉಳಿದವು ಚೆನ್ನಾಗಿವೆ. ಕಾಂಡ ಕಡ್ಡಿಯಾಗಿದೆ, ನೆಲಕ್ಕೆ ತಾಗಿ ಸುತ್ತ ಹರಡುತ್ತಿದೆ. ತುದಿ ಚಿವುಟಿದರೆ ಪೊದೆಯಾಗುತ್ತದೆ ಅಂದಿದ್ದರು. ಚಿವುಟಿದೆ. ಬೆರಳಿಗೆ ಇಡೀ ದಿನ ವಾಸನೆ. ಹಾಲು ಕುಡಿಯುವಾಗ ಮರಿ ಆ ಬೆರಳು ಹಿಡಿದು ಮೂಸಿದ. ಮೂಸಿ ಸೀನಿದ.

ಬಿಸಿಲು ಏರಿದೆ. ನಾಲೆಗೆ ನೀರು ನಿಲ್ಲಿಸಿದ್ದಾರೆ. ಎಲ್ಲರೂ ನೀರಿಲ್ಲ ನೀರಿಲ್ಲ ಅನ್ನುವ ಕಾಲ. ನನ್ನ ಡಬ್ಬದ ಮರಳು ಮಾತ್ರ ಬೆಳಿಗ್ಗೆ ಬೆಳಿಗ್ಗೆ ಒದ್ದೆ!

ನಿದ್ದೆ ಬರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಒಂದು ಜೋಂಪು ಹತ್ತುತ್ತದೆ, ಆ ಹೊತ್ತಿಗೇ ಯಾರೋ ಹಾಕಿ ಹೋಗುತ್ತಾರೆ. ಕುಳ್ಳಮ್ಮ ಬರುವುದೂ ಅದೇ ಹೊತ್ತು.


೯ ಮೇ

ಕುಳ್ಳಮ್ಮನ ಕೇರಿಯಲ್ಲಿ ಯಾವುದೋ ಮಗುವಿಗೆ ಕೆಮ್ಮಂತೆ. ತಾನಾಗಿ ಹೇಳಿದಳು, ಹಂಡೆಗೆ ನೀರು ಸುರಿಯುತ್ತ, ಮಳೆ ಬಿಸಿಲಿನ ಮಾತಾಡಿದ ಹಾಗೆ.

"ಆ ಮಗುವನ್ನ ಎತ್ತಿಕೊಂಡಿದ್ದೆಯಾ?"

"ಅಯ್ಯೋ, ಕೂಸು ಅತ್ರೆ ಎತ್ಕಳ್ದೆ ಇರಾಕಾಯ್ತದಾ?"

"ಎತ್ತಿಕೊಂಡ ಸೀರೆಯಲ್ಲೇ ಇಲ್ಲಿಗೆ ಬಂದೆಯಾ? ಮರಿಯನ್ನ ಮುಟ್ಟಿದೆಯಾ?"

ನನ್ನ ದನಿ ಏರಿತು. ಆಮೇಲೆ ಅದೂ ಇದೂ ಸೇರಿತು. ನೀರು ನೀನೇ ಹಾಕುತ್ತಿರುವುದು ಅಂದೆ. ನನ್ನ ಗಿಡ ಸಾಯಿಸುತ್ತಿದ್ದೀಯಾ ಅಂದೆ. ಅವಳು ಕೊಡವನ್ನು ಕವುಚಿ ಇಟ್ಟಳು. "ಚಿಕ್ಕವ್ವಾರೇ, ನಾಕ್ಮಕ್ಕಳ ಎತ್ತು ಎರಡ್ನ ಮಣ್ಣಿಗಾಕಿವ್ನಿ. ನಾನು ನಿಮ್ಮ ಮಗೀಗೆ ಕೇಡು ಬಗೀತೀನಾ? ಗಿಡುಕ್ಕೆ ನಾ ನೀರಾಕಿಲ್ಲ, ನನ್ನ ಮಕ್ಕಳಾಣೆ." ಅತ್ತೆ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಕುಳ್ಳಮ್ಮ ಹೋದಳು. ಇನ್ನು ಬರುವುದಿಲ್ಲ.

ಡಬ್ಬ ಮುಟ್ಟಕೂಡದು ಅಂತ ಸುತ್ತ ಜಾಲಿ ಮುಳ್ಳು ಇಟ್ಟೆ.


೧೪ ಮೇ

ಇವತ್ತು ನನ್ನ ಮೊದಲನೆಯವಳು ಹೋದ ದಿನ. ಇಂಗ್ಲಿಷ್ ತಾರೀಖಿನಲ್ಲಿ.

ಅತ್ತೆ ದಿನದ ಹಾಗೇ ಎದ್ದರು, ತುಳಸಿಗೆ ನೀರೆರೆದರು, ಸೊಪ್ಪು ಸೋಸಿದರು. ನಾನೂ ದಿನದ ಹಾಗೇ ಇದ್ದೆ. ಇಬ್ಬರು ಹೆಂಗಸರು ಒಂದೇ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದೆವು.

ಮರೆತಿದ್ದಾರೆ. ಮರೆಯಲಿ. ವಯಸ್ಸಾಯಿತು.


೧೮ ಜೂನ್

ವೈಶಾಖ ಕಳೆಯಿತು. ಜ್ಯೇಷ್ಠವೂ ಕಳೆಯುತ್ತ ಬಂತು. ಏನೂ ಆಗಲಿಲ್ಲ. ಬರೆಯಲೂ ಭಯವಾಗಿ ಇಷ್ಟು ದಿನ ಬರೆಯಲಿಲ್ಲ.

ಮಳೆ ಹಿಡಿದಿದೆ. ಹೊಳೆ ಕೆಂಪಾಗಿದೆ. ಕಟ್ಟೆಯ ಕೆಳಗೆ ನೀರು ಬೀಳುವ ಸದ್ದು ಮನೆಯೊಳಗೂ ತುಂಬಿಕೊಂಡಿದೆ. ಬೇಸಿಗೆಯಲ್ಲಿ ಇಲ್ಲಿಂದಲೇ ಮರಿಯ ಉಸಿರು ಕೇಳಿಸುತ್ತಿತ್ತು. ಈಗ ಕೇಳಿಸುವುದಿಲ್ಲ. ಎದೆಗೆ ಕಿವಿಯಿಟ್ಟೇ ಕೇಳಬೇಕು. ಕಿವಿಯಿಟ್ಟರೆ ಅವನಿಗೆ ಆಟ. ಕೂದಲು ಹಿಡಿದು ಜಗ್ಗುತ್ತಾನೆ. ತೆವಳುತ್ತಾನೆ, ಹೊಸಲು ದಾಟಿದ. ಹೊಸಲು ದಾಟಿದ್ದಕ್ಕೆ ಅತ್ತೆ ಹೋಳಿಗೆ ಮಾಡಿದರು. ತಿನ್ನಲು ನಾವಿಬ್ಬರೇ, ಚಾಮಯ್ಯನಿಗೆ ನಾಲ್ಕು.

ಕುಳ್ಳಮ್ಮ ಇಲ್ಲದೆ ಅತ್ತೆಯೇ ನೀರು ಸೇದುತ್ತಾರೆ. ನಾನು ಸೇದುತ್ತೇನೆ ಅಂದರೆ, "ಹಾಲು ಕೊಡೋ ಹೆಂಗ್ಸು ಹಗ್ಗ ಎಳೀಬಾರ್ದು, ಬುಡು" ಅನ್ನುತ್ತಾರೆ.

ಗಿಡದ ಕೆಳಗಿನ ಎಲೆ ಹಳದಿ. ತಂಡಿಗೆ ಇರಬೇಕು.


೬ ಜುಲೈ, ಬೆಳಿಗ್ಗೆ

ಕೆಮ್ಮುತ್ತಿದ್ದಾನೆ.

ಸಣ್ಣ ಕೆಮ್ಮು. ಎಲ್ಲ ಮಕ್ಕಳಿಗೂ ಬರುವಂಥದು.

ಎಲೆ ಕುದಿಸಿದೆ. ಜೇನು ಬೆರೆಸಿ ಬೆರಳಲ್ಲಿ ನೆಕ್ಕಿಸಿದೆ. ಇಷ್ಟು ದಿನ ಕಾದದ್ದು ಇದಕ್ಕೇ ತಾನೆ.


೮ ಜುಲೈ

ಬಂದೇಬಿಟ್ಟಿತು. ಅದೇ ಸದ್ದು. ಕೆಮ್ಮು, ಕೆಮ್ಮು, ಕೆಮ್ಮು, ಮುಖ ನೀಲಿ, ಆಮೇಲೆ ಉಸಿರೇ ಇಲ್ಲ - ಆಮೇಲೆ ಊಂಯ್ ಅಂತ ಒಳಕ್ಕೆ ಎಳೆದುಕೊಳ್ಳುವುದು. ಎರಡು ವರ್ಷದಿಂದ ಕಿವಿಯಲ್ಲೇ ಇಟ್ಟುಕೊಂಡಿದ್ದ ಸದ್ದು.

ಬೆಳಕು ಹರಿಯುತ್ತಿದ್ದಂತೆ ಎಲೆ ತರಲು ಹಿಂದಿನ ಜಗುಲಿಗೆ ಓಡಿದೆ. ಅತ್ತೆ ಅಲ್ಲಿದ್ದರು. ಜಾಲಿ ಮುಳ್ಳನ್ನು ಪಕ್ಕಕ್ಕೆ ಸರಿಸಿ, ತುಳಸಿ ಚೊಂಬು ಹಿಡಿದು, ಡಬ್ಬಕ್ಕೆ ನೀರು ಹಾಕುತ್ತಿದ್ದರು.

"ಅತ್ತೆ! ನೀವಾ?"

ಬೆಚ್ಚಲಿಲ್ಲ. ಚೊಂಬಿನಲ್ಲಿ ಉಳಿದದ್ದನ್ನೂ ಸುರಿದರು. "ಹೂಂ. ನಾನೇ. ದಿನಾ ನಾನೇ."

"ಕುಳ್ಳಮ್ಮನನ್ನ ಬೈದು ಕಳಿಸಿದೆನಲ್ಲ - ಆಗಲೂ ಸುಮ್ಮನೆ ನಿಂತಿದ್ದಿರಲ್ಲ!"

"ಯೋಳಿದ್ರೆ ನೀ ಬುಟ್ಟಿಯಾ? ಡಬ್ಬವ ಎತ್ಕಂಡೋಗಿ ಅಟ್ಟದ ಮ್ಯಾಲೆ ಬಚ್ಚಿಟ್ಬುಡ್ತಿದ್ದೆ."

ಗಿಡಕ್ಕೆ ಕೈ ಹಾಕಿದೆ. ಎಳೆಯುವ ಮೊದಲೇ ಕೈಗೆ ಬಂತು. ಬೇರು ಕಂದಾಗಿ ಕೊಳೆತು ನಾರುತ್ತಿತ್ತು. ಅದನ್ನು ಅವರ ಮುಖದ ಮುಂದೆ ಹಿಡಿದೆ. ಏನೇನೋ ಕೂಗಿದೆ. ಇದು ಅವನ ಔಷಧಿ, ಇದಕ್ಕೆ ನೀರೇ ವಿಷ, ನೀವು ಕೊಂದಿರಿ ಅಂತೆಲ್ಲ. ಕೊಂದಿರಿ ಅಂತ ಅಂದೆ. ಅತ್ತೆಯವರಿಗೆ.

ಅತ್ತೆ ಜಗುಲಿಯ ಮೇಲೆ ಕುಸಿದು ಕೂತರು.

"ಎದೆಹಾಲು ಕೊಡೋ ಮನೇಲಿ ಗಿಡುವ ಬಾಯಾರ್ಸಬಾರ್ದು ಕಣವ್ವ" ಅಂದರು. ದನಿ ಇಲ್ಲದ ದನಿ. "ಅವತ್ತು ಪುಟ್ಟಲಕ್ಷ್ಮಿ ಕೆಮ್ತಿದ್ಲಲ್ಲ, ಎಲ್ರೂ ಅವ್ಳ ಮುಂದೆ ಕುಂತ್ಬುಟ್ವಿ. ಬ್ಯಾಸ್ಗೆ ಬಿಸ್ಲು. ತುಳ್ಸಿಗೆ ಒಂದು ತೊಟ್ಟು ನೀರು ಯಾರೂ ಆಕ್ನಿಲ್ಲ. ಸುಟ್ಟಂಗೆ ಒಣಗೋಯ್ತು. ಅದು ಒಣಗಿದ್ ಮಾರ್ನೇ ದಿನುಕ್ಕೆ ನಿನ್ನೆದೆ ಬತ್ತೋಯ್ತು. ನೆಪ್ಪದಾ ನಿಂಗೆ? ಕೂಸು ಬಾಯಾಕೋದು, ಬುಡೋದು, ಅಳೋದು. ಹಸೀನ ಹಾಲು ಕುಡಿಸ್ದೆ, ಕಕ್ಬುಡ್ತು. ನೀ ಕೆಮ್ಮು ಕೆಮ್ಮು ಅಂತೀಯ. ಅವ್ಳು ಕೆಮ್ಮಿಂದ ಓಗ್ನಿಲ್ಲ ಕಣೆ ಚೆಲ್ವಿ. ಹಸ್ಕಂಡೋದ್ಲು. ಈ ಮನೇಲಿ ನೀರೆರೀಬೇಕಾದೋಳು ನಾನು. ನಾನೇ ಮರ್ತೆ."

ನಾನು ನಿಂತೇ ಇದ್ದೆ, ಕೈಯಲ್ಲಿ ಕೊಳೆತ ಬೇರು.

ಹೆಸರು ಹೇಳಿದರು. ಎಷ್ಟು ಸಲೀಸಾಗಿ ಬಂತು ಅವರ ಬಾಯಿಂದ, ದಿನಾ ಒಳಗೇ ಹೇಳಿಕೊಳ್ಳುತ್ತಿದ್ದವರ ಹಾಗೆ.

ಕಾಲೇಜಿನಲ್ಲಿ ಲಾಜಿಕ್ ಕ್ಲಾಸಿನಲ್ಲಿ ಹೇಳುತ್ತಿದ್ದರು - ಒಂದಾದ ಮೇಲೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಅಂತ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದೆ. ಅತ್ತೆಯವರಿಗೆ ಹೇಳಬಹುದಿತ್ತು. ಹಾಗೆ ನೋಡಿದರೆ ಗ್ರೇಸಮ್ಮನ ವಾರ್ಡಿನ ಆ ಮಗು? ಎಲೆ ಕುಡಿಯಿತು, ಆಮೇಲೆ ಮನೆಗೆ ಹೋಯಿತು. ನಾನು ನೋಡಿದ್ದೂ ಅಷ್ಟೇ ತಾನೆ.

ಒಳಗೆ ಮರಿಗೆ ಕೆಮ್ಮು ಕಿತ್ತುಕೊಂಡು ಬಂತು. ಇಬ್ಬರೂ ಒಟ್ಟಿಗೆ ಓಡಿದೆವು. ಬಾಗಿಲಲ್ಲಿ ಭುಜಕ್ಕೆ ಭುಜ ಹೊಡೆಯಿತು.

ಗಿಡದ ತುದಿಯಲ್ಲಿ ಹಸಿರಿದ್ದಷ್ಟನ್ನೂ ಕತ್ತರಿಸಿ ಕುದಿಸಿದೆ. ಒಂದು ಒಳಲೆಗೂ ಪೂರ್ತಿ ಆಗಲಿಲ್ಲ. ಅತ್ತೆ ತಾವೇ ಒಳಲೆ ಹಿಡಿದು ಕುಡಿಸಿದರು.


೧೦ ಜುಲೈ, ಸಂಜೆ

ಕೆ.ಆರ್. ನಗರಕ್ಕೆ ಹೋಗಿಬಂದೆವು. ಚಾಮಯ್ಯ ಕಮಾನು ಗಾಡಿ ಕಟ್ಟಿದ. ಮಳೆ. ಗಾಡಿಯೊಳಗೆ ಗೋಣಿತಾಟಿನ ಮೇಲೆ ಅತ್ತೆ, ಅವರ ಎದುರು ನಾನು, ನಡುವೆ ಅವನು. ಕೆಮ್ಮು ಬಂದಾಗಲೆಲ್ಲ ಚಾಮಯ್ಯ ಎತ್ತು ನಿಲ್ಲಿಸುತ್ತಿದ್ದ. ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಉಸಿರು ಎಳೆದ ಸದ್ದು ಕೇಳಿದ ಮೇಲೆ ಹೊರಡಿಸುತ್ತಿದ್ದ.

ಡಾಕ್ಟರು ಎದೆ ನೋಡಿದರು, ಬೆನ್ನು ನೋಡಿದರು. ನಾಯಿಕೆಮ್ಮೇ. ಇನ್ನೂ ಎಷ್ಟೋ ವಾರ ಇರುತ್ತದೆ. ಬಾಟಲಿ ಕೊಟ್ಟರು. ಥೈಮ್ ವಿಷಯ ಕೇಳಿದೆ. "ಕೊಡಿ, ಕೆಟ್ಟದ್ದೇನಲ್ಲ. ಆದರೆ ಈ ಕೆಮ್ಮು ಅದರ ಪಾಡಿಗೆ ಅದು ಹೋಗಬೇಕು. ಅಲ್ಲಿಯತನಕ ಮಗುವಿನ ಮೈಯಲ್ಲಿ ಶಕ್ತಿ ಇರಬೇಕು. ಕೆಮ್ಮಿ ಕಕ್ಕಿದ ತಕ್ಷಣ ಮತ್ತೆ ಹಾಲು ಕೊಡಿ. ಎಷ್ಟು ಸಲ ಕಕ್ಕಿದರೂ ಅಷ್ಟು ಸಲ. ಬೇರೆ ಹಾಲು ಬೇಡ, ನಿಮ್ಮದೇ. ಉಳಿಯೋದು ಅದರ ಮೇಲಿದೆ."

ಅತ್ತೆ ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದರು. ಕಣ್ಣು ತುಂಬಿತ್ತು.

ಹೊರಡುವಾಗ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ನಿದ್ದೆ ಮಾಡಿ ಎಷ್ಟು ದಿನ ಆಯಿತಮ್ಮ? ತಾಯಿ ಮಲಗದಿದ್ದರೆ ಹಾಲು ನಿಂತುಹೋಗುತ್ತದೆ. ಇದನ್ನ ಔಷಧಿ ಅಂತಲೇ ತಿಳಿದುಕೊಳ್ಳಿ."

ಸುಲಭವಾಗಿ ಹೇಳಿದರು. ಬಾಟಲಿಯಲ್ಲಿ ತುಂಬಿ ಕೊಡುವಂತಿದ್ದರೆ!


೧೯ ಜುಲೈ

ಕಕ್ಕುತ್ತಾನೆ. ಕೊಡುತ್ತೇನೆ. ಕಕ್ಕುತ್ತಾನೆ. ಕೊಡುತ್ತೇನೆ. ಕೆನ್ನೆ ಇಳಿದಿದೆ. ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆ.

ಮಲಗಿದರೆ ಕಿವಿ ಮಲಗುವುದಿಲ್ಲ. ನಾನು ಎಣಿಸುವುದು ನಿಲ್ಲಿಸಿದರೆ ಅವನು ಉಸಿರಾಡುವುದು ನಿಲ್ಲಿಸುತ್ತಾನೆ ಅನ್ನಿಸುತ್ತದೆ. ಹುಚ್ಚು ಅಂತ ಗೊತ್ತು.

ಇವರಿಗೆ ಕಾಗದ ಹಾಕಿ ವಾರವಾಯಿತು. ಕಾಡಿನಲ್ಲಿ ಎಲ್ಲಿ ಟೆಂಟು ಹಾಕಿದ್ದಾರೋ.


೨೫ ಜುಲೈ

ಇವತ್ತು ಎಡಗಡೆ ಏನೂ ಬರಲಿಲ್ಲ. ಬಲಗಡೆ ಸ್ವಲ್ಪ. ಅವನು ಬಾಯಿ ಹಾಕಿದ, ಬಿಟ್ಟ, ಅತ್ತ. ಅತ್ತರೆ ಕೆಮ್ಮು ಬರುತ್ತದೆ.

ಹೋದ ಸಲವೂ ಹೀಗೇ ಶುರುವಾಗಿತ್ತು.

ಅತ್ತೆಗೆ ಹೇಳಬಾರದು ಅಂದುಕೊಂಡೆ. ಹೇಳುವುದೇನು, ಅಳು ಕೇಳಿದ ರೀತಿಯಲ್ಲೇ ಗೊತ್ತಾಯಿತು ಅವರಿಗೆ. ಬಾಗಿಲಿಗೆ ಬಂದು ನಿಂತರು. ತುಳಸಿಯ ಕಡೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಕೊಡೆ ತೆಗೆದುಕೊಂಡು ಮಳೆಯಲ್ಲೇ ಹೊರಟರು.

ವಾಪಸ್ಸು ಬಂದಾಗ ಹಿಂದೆ ಕುಳ್ಳಮ್ಮ. ಅತ್ತೆ ಅವಳ ಮನೆ ಬಾಗಿಲಿಗೇ ಹೋಗಿ, ನೀರು ಹಾಕಿದ್ದು ನಾನು ಅಂತ ಹೇಳಿ ಕರೆದುಕೊಂಡು ಬಂದಿದ್ದರು. "ಕುಳ್ಳಮ್ಮ, ನಾನು ಅವತ್ತು..." ಅಂದೆ.

"ಅದಿರ್ಲಿ ಬುಡಿ ಚಿಕ್ಕವ್ವಾರೇ. ದೊಡ್ಡವ್ವಾರು ಕಳ್ರಂಗೆ ಚೊಂಬು ಇಡ್ಕಂಡು ಓಡಾಡೋರು ಅಂತ ಗೊತ್ತಿದ್ದಿದ್ರೆ ಅವತ್ತೇ ಕೈ ಇಡೀತಿದ್ದೆ. ಈಗ ಅಡ್ಗೆಗೆ ಏನಾಕ್ಲಿ?"

"ಬಾಯಿ ಮುಚ್ಚೆ ಕುಳ್ಳಿ" ಅಂದರು ಅತ್ತೆ. ಮುಖ ಕೆಂಪಾಗಿತ್ತು.

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು. ಇಬ್ಬರೂ ನನ್ನ ಎರಡು ಕಡೆ ಕೂತು ತಿನ್ನಿಸಿದರು. ಪೊಲೀಸರ ಹಾಗೆ.


೨೭ ಜುಲೈ

ಎಡಗಡೆ ಇಲ್ಲ. ಬಲಗಡೆ ಇನ್ನೂ ಕಡಿಮೆ. ಊಟದಿಂದಲ್ಲ. ನಿದ್ದೆ. ಗೊತ್ತು ನನಗೆ.


೨೮ ಜುಲೈ, ಮಧ್ಯಾಹ್ನ

ಅತ್ತೆ ಮರಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಕೇಳಲಿಲ್ಲ.

"ಓಗಿ ನಡುಮನೇಲಿ ಮಲಕ್ಕೊ."

"ಅತ್ತೆ, ಕೆಮ್ಮು ಬಂದರೆ ನೆಟ್ಟಗೆ ಕೂರಿಸಬೇಕು, ತಲೆ ಮುಂದಕ್ಕೆ ಬಗ್ಗಿಸಬೇಕು, ಉಸಿರು ಬರುವವರೆಗೂ..."

"ಎಂಟು ಜನುವ ಸಾಕಿವ್ನಿ."

"ಇಲ್ಲ ಅತ್ತೆ, ಉಸಿರು ಬಂತೋ ಇಲ್ಲವೋ ಅಂತ ನನಗೆ ಗೊತ್ತಾಗಬೇಕು. ಹೊಳೆ ಸದ್ದಿನಲ್ಲಿ ಅಲ್ಲಿಗೆ ಕೇಳಿಸುವುದಿಲ್ಲ. ಗೊತ್ತಾಗದೆ ನಾನು ಮಲಗಲಾರೆ."

ಬೈಯುತ್ತಾರೆ ಅಂದುಕೊಂಡೆ.

"ಸರಿ ಬುಡು. ಉಸ್ರು ಬಂದಾಗೆಲ್ಲ ನಾ ಕೂಗ್ತೀನಿ. ಬಂತು ಅಂತ. ಊರೆಲ್ಲ ಕೇಳುವಂಗೆ ಕೂಗ್ತೀನಿ. ಆಯ್ತಾ?"

ಈಗ ನಡುಮನೆಯಲ್ಲಿದ್ದೇನೆ. ಚಾಪೆ. ಕುಳ್ಳಮ್ಮ ಒಂದು ರಗ್ಗು ಹೊದಿಸಿ ಹೋದಳು. ಅತ್ತೆ ಮರಿಯ ಜೊತೆ ಮುಂದಿನ ಜಗುಲಿಯಲ್ಲಿ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ.

ಕೆಮ್ಮು. ಕೆಮ್ಮು. ಕೆಮ್ಮು. ನಿಂತಿತು. ಪೆನ್ಸಿಲ್ ಬಿಟ್ಟು ಎದ್ದು ಕೂತೆ.

"ಬಂತು ಕಣವ್ವೋ!"

ಕುಳ್ಳಮ್ಮ ಅಡಿಗೆಮನೆಯಿಂದ ನಗುವುದು ಕೇಳಿಸಿತು. ಮತ್ತೆ ಮಲಗಿದೆ.

ಮಳೆ ನಿಂತಿದೆ. ಹೊಳೆ ಮಾತ್ರ.

ಮತ್ತೆ ಕೆಮ್ಮು. ಎದ್ದೆ. "ಬಂತು! ಹಾಲು ಕೇಳ್ತಾವ್ನೆ, ಆಮೇಲೆ ಕೊಡೀವಂತೆ, ನೀ ಮಲಕ್ಕೊ!"

ಎರಡು ವರ್ಷದಲ್ಲಿ ನನಗಾಗಿ ಯಾರಾದರೂ ಎಚ್ಚರವಿದ್ದಾರು ಅಂತ ಯೋಚಿಸಿಯೇ ಇರಲಿಲ್ಲ. ಅತ್ತೆಯೂ ಎದ್ದೇ ಇದ್ದರೋ ಏನೋ, ಆ ಬಾಗಿಲಿನ ಆಚೆ, ಅಷ್ಟೂ ದಿನ. ಕೇಳಬೇಕು ಒಂದು ದಿನ. ಪುಟ್ಟಲಕ್ಷ್ಮಿಯ ಬಗ್ಗೆಯೂ ಕೇಳಬೇಕು, ಅವಳು ನಗುತ್ತಿದ್ದಾಗ ಯಾವ ಕಡೆ ಕೆನ್ನೆ ಗುಳಿ ಬೀಳುತ್ತಿತ್ತು ಅಂತ. ನನಗೆ ಮರೆತಿದೆ. ಅವರಿಗೆ ಗೊತ್ತಿರುತ್ತದೆ.

ಎದೆ ಭಾರ. ಎಡಗಡೆ ಜುಮ್ಮೆನ್ನುತ್ತಿದೆ, ಇರುವೆ ಹರಿದ ಹಾಗೆ. ಹಾಲು ಇಳಿಯುತ್ತಿದೆಯೋ ಏನೋ.

ಕೆಮ್ಮು ಮತ್ತೆ. ಎದ್ದು ಕೂರಬೇಕು. ಕೂರುವುದಿಲ್ಲ. ಕಣ್ಣು ಎಳೆಯುತ್ತಿದೆ. ಅತ್ತೆ ಕೂಗುತ್ತಾ